ರಾಶಿ ಫಲ

ಶಿವಮೊಗ್ಗದ ಅಡಿಕೆ ಮಂಡಿ. ಭದ್ರಾವತಿ ಕಡೆಯ ರಂಗಣ್ಣ ಮೂಟೆ ಇಳಿಸಿ ಬೆವರು ಒರೆಸಿಕೊಂಡ. ಶೆಟ್ಟರು ಕನ್ನಡಕ ಏರಿಸಿದರು.

"ರಾಶಿ ಹೇಗಿದೆ ರಂಗಣ್ಣ?"

"ನಂದು ಸಿಂಹ ಶೆಟ್ರೆ. ಶನಿ ಮಾತ್ರ ಭೂತಾನದಿಂದ ನೋಡ್ತಿದಾನೆ."

"ನಾ ಕೇಳಿದ್ದು ಅಡಿಕೆ ರಾಶಿ ಮಾರಾಯಾ!"

"ನಾ ಹೇಳಿದ್ದೂ ಅದನ್ನೇ. 2022ರಲ್ಲಿ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಬರ್ಲಿ ಅಂದ್ರಲ್ಲ, ಕನಿಷ್ಠ ಆಮದು ಬೆಲೆಯ ಕಟ್ಟೂ ಇಲ್ದೆ."

"ಬೇರೆಯವರಿಗೆ 2023ರಲ್ಲಿ ಆ ಬೆಲೇನ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ರಪ್ಪ."

"ಮುಂಬಾಗಿಲಿಗೆ ದೊಡ್ಡ ಬೀಗ ಅನ್ನಿ. ಹಿತ್ಲಿಗೆ?"

"ಹಿತ್ಲಲ್ಲಿ ಬರೋರು ನೆಂಟರು!"

ರಂಗಣ್ಣ ತಲೆ ಕೆರೆದುಕೊಂಡ. "ಜಗತ್ತಲ್ಲೇ ಜಾಸ್ತಿ ಅಡಿಕೆ ಬೆಳೆಯೋ ದೇಶ ನಮ್ದು. ದೇಶದಲ್ಲಿ ಕರ್ನಾಟಕವೇ ಮುಂದು. ಮತ್ತೆ ತರಿಸೋದ್ಯಾಕೆ?"

"ರುಚಿ ನೋಡೋಕಿರ್ಬೇಕು."

"ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರ ವರದಿಯಲ್ಲೇ ಅಡಿಕೆ ಕ್ಯಾನ್ಸರ್‌ಕಾರಕ ಅಂದವ್ರೆ. ಪರದೇಶದ್ದು ತಿಂದ್ರೆ ಬರಲ್ವಾ?"

"ಸುಂಕ ಕಟ್ಟಿದ್ರೆ ಬರಲ್ವೇನೋ! ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ನೋಡು."

"ಆನೆಗಳು ಸಕ್ರೆಬೈಲಲ್ಲೇ ಅವೆ ಶೆಟ್ರೆ. ಮಾನ ಎಲ್ಲಿದೆ ಹೇಳಿ, ಕರ್ಕೊಂಡ್ ಬರಾಣ."

ಶೆಟ್ಟರು ಮಾತು ಹೊರಳಿಸಿದರು. "ಭದ್ರಾ ನಾಲೆ ಬಯಲಲ್ಲಿ ಭತ್ತ ಹೇಗಿದೆ?"

"ಭತ್ತನಾ? ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಇಟ್ಟೆ. ಅಕ್ಕಪಕ್ಕದೋರೂ ಇಟ್ರು."

"ಎಲ್ಲರೂ ಇಟ್ರೆ ಬೆಲೆ ಏನಾಗ್ಬೇಕು?"

"ಅದನ್ನೇ ನಾನೂ ಅವರನ್ನ ಕೇಳ್ದೆ, ನನ್ನ ಸಸಿ ನೆಟ್ಟಾದ್ಮೇಲೆ."

ತೂಕ ಮುಗಿಯಿತು, ಲೆಕ್ಕ ಚುಕ್ತಾ ಆಯಿತು. ಸಂಜೆ ರಂಗಣ್ಣ ಅಡಿಕೆ ದುಡ್ಡಲ್ಲಿ 25 ಕಿಲೋ ಅಕ್ಕಿ ಮೂಟೆ ಕೊಂಡು ಭದ್ರಾವತಿ ಬಸ್ಸು ಹತ್ತಿದ.