ಪ್ರವಾಸದ ಪ್ಲಾನು ಮತ್ತು ಸಂಡಿಗೆಯ ಬಿಸಿಲು

ಯುಗಾದಿಯ ಒಬ್ಬಟ್ಟು ಅರಗುವ ಮೊದಲೇ ನನ್ನೊಳಗಿನ ಪ್ರವಾಸೋದ್ಯಮ ಇಲಾಖೆ ಕಚೇರಿ ತೆರೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟು ಸಿದ್ಧವಾಗುತ್ತದೆ: ಊರು, ದೂರ, ಟೋಲು, ಊಟ, ಅಮ್ಮನ ಮಂಡಿ ಒಪ್ಪುವಷ್ಟು ಮೆಟ್ಟಿಲು. ಇಷ್ಟೇ ಶ್ರದ್ಧೆಯಿಂದ ಆಫೀಸಿನ ಶೀಟು ತುಂಬಿದ್ದರೆ ಇಷ್ಟು ಹೊತ್ತಿಗೆ ಪ್ರಮೋಷನ್ ಸಿಕ್ಕಿರುತ್ತಿತ್ತು ಎಂದು ಹೆಂಡತಿ ಕಾಫಿ ಲೋಟ ಇಟ್ಟು ಹೋಗುತ್ತಾಳೆ. ಅಂಥ ಮಾತನ್ನೆಲ್ಲ ತುಂಬಲು ಶೀಟಿನಲ್ಲಿ ಕಾಲಂ ಇಲ್ಲ.

ನಿಸರ್ಗಕ್ಕೂ ಶಿಕ್ಷಣ ಇಲಾಖೆಗೂ ಮಾತುಕತೆ ನಿಂತು ಎಷ್ಟು ವರ್ಷವಾಯಿತೋ ಗೊತ್ತಿಲ್ಲ. ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್ 10ರ ರಿಸಲ್ಟ್ ಆದಮೇಲೆ. ಜಲಪಾತಗಳಿಗೆ ನೀರು ಬರುವುದು ಶಾಲೆ ಶುರುವಾಗಿ ಯೂನಿಟ್ ಟೆಸ್ಟ್ ಹತ್ತಿರ ಬಂದಾಗ. ಜೋಗ ಎಂದು ನಾನು ಬಾಯಿಬಿಟ್ಟೆ. 830 ಅಡಿ, ರಾಜ, ರಾಣಿ, ರೋರರ್, ರಾಕೆಟ್ ಎಂದು ವಿವರಿಸುತ್ತಿದ್ದಂತೆ ಮಗಳು ಮೊಬೈಲಿನಲ್ಲಿ ಯಾರೋ ಏಪ್ರಿಲ್‌ನಲ್ಲಿ ತೆಗೆದ ಫೋಟೋ ಹಿಡಿದಳು. ಬಂಡೆಯೇ ಬಂಡೆ. ರಾಜನ ಪಾಲಿಗೆ ಒಂದು ಎಳೆ, ರಾಣಿಗೆ ಅದೂ ಇಲ್ಲ. "ನೀರೆಲ್ಲ ಎಲ್ಲಿ ಹೋಯ್ತಪ್ಪಾ?" ಎಂದಳು. ಶರಾವತಿಗೆ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದಾರೆ, ನೀರು ವಿದ್ಯುತ್ತಿಗೆ ಹೋಗುತ್ತದೆ ಎಂದು ಗಂಭೀರವಾಗಿ ಹೇಳಿದೆ. ಅವಳು ತಲೆಯೆತ್ತಿ ಸೀಲಿಂಗ್ ಫ್ಯಾನ್ ನೋಡಿದಳು. "ಹಾಗಾದ್ರೆ ಜೋಗ ಇಲ್ಲೇ ತಿರುಗ್ತಿದೆಯಲ್ಲ, ಅಲ್ಲಿಗ್ಯಾಕೆ?"

ಸರಿ, ಬೆಟ್ಟ ಹತ್ತೋಣ. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಬೂಟು, ಊರುಗೋಲು, ಕತ್ತಿಗೂ ನೆರಳು ಬೀಳುವಷ್ಟು ಅಗಲದ ಟೋಪಿ ಎಲ್ಲ ಕೊಂಡು ಕಪಾಟಿನಲ್ಲಿಟ್ಟಿದ್ದೇನೆ. ಆ ಬೂಟು ಈವರೆಗೆ ಕಂಡಿರುವ ಅತಿ ಎತ್ತರದ ಪ್ರದೇಶ ನಮ್ಮ ಮನೆಯ ತಾರಸಿ. ಕುಮಾರಪರ್ವತ, ಇಲ್ಲವಾದರೆ ಕುದುರೆಮುಖ ಎಂದು ಪ್ರಕಟಿಸಿದೆ. ಹೆಂಡತಿಯ ತಮ್ಮನಿಗೆ ಫೋನ್ ಹೋಯಿತು. ಅವನು ನೋಡದ ಜಾಗವಿಲ್ಲ. ನಾವು ಯಾವಾಗ ಹೊರಟರೂ ಅದು ಅವನ ಪ್ರಕಾರ ತಪ್ಪು ಕಾಲ. "ಭಾವಾ, ಈಗ್ ಹೋಗ್ತೀರಾ? ಬೇಸಿಗೇಲಿ ಕಾಡ್ಗಿಚ್ಚಿನ ಭಯ, ಅರಣ್ಯ ಇಲಾಖೆಯವ್ರು ಟ್ರೆಕ್ಕಿಂಗೇ ಬಂದ್ ಮಾಡಿರ್ತಾರೆ" ಎಂದ. ನನ್ನ ಮುಖ ಬಾಡಿದಂತೆ ಕಂಡರೂ ಮೊಣಕಾಲು ಒಳಗೊಳಗೇ ಇಲಾಖೆಗೆ ಕೈಮುಗಿಯಿತು.

ಕಾಫಿ ಹೂವಿನ ಯೋಚನೆ ಮಾತ್ರ ನಿಜಕ್ಕೂ ಒಳ್ಳೆಯದಿತ್ತು. ಮಾರ್ಚ್-ಏಪ್ರಿಲ್‌ನಲ್ಲಿ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಹೂಮಳೆ ಬಿದ್ದರೆ ಸಾಕು, ಎಂಟು-ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಸುವ ಪರಿಮಳ, ಜೇನಿನ ಝೇಂಕಾರ. ಮೂರು-ನಾಲ್ಕು ದಿನದೊಳಗೆ ಹೂವು ಕಂದಿ ಮುಗಿಯುತ್ತದೆ. ಅಂದರೆ ಮಳೆ ಬಿದ್ದ ಸುದ್ದಿ ತಿಳಿದ ದಿನವೇ ಲೆಕ್ಕ ಹಾಕಿ ಹೊರಡಬೇಕು. ನಮ್ಮ ಆಫೀಸಿನಲ್ಲಿ ರಜಾ ಅರ್ಜಿಯನ್ನು ಹದಿನೈದು ದಿನ ಮುಂಚೆ ಕೊಡಬೇಕು. ಕಾರಣದ ಜಾಗದಲ್ಲಿ "ಮಳೆ ಬಂದರೆ, ಹೂವು ಬಿಟ್ಟರೆ" ಎಂದು ಬರೆದೆ. ಮ್ಯಾನೇಜರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು.

ಹಾಗೆ ನೋಡಿದರೆ ಬೇಸಿಗೆಗೆ ಹೇಳಿ ಮಾಡಿಸಿದ ಜಾಗ ಕಬಿನಿ. ಜಲಾಶಯದ ನೀರು ಇಳಿದಂತೆ ದಡದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಕಟ್ಟೆ ಬತ್ತಿದ್ದರಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಇದಕ್ಕೆ ಭಾವಮೈದನೂ ತಕರಾರು ತೆಗೆಯಲಿಲ್ಲ. ತಕರಾರು ಬಂದದ್ದು ರೆಸಾರ್ಟಿನ ದರಪಟ್ಟಿಯಿಂದ. ಹೆಂಡತಿ ಅದನ್ನು ಓದಿ, "ರೀ, ಈ ದುಡ್ಡಲ್ಲಿ ವರ್ಷದ ತೊಗರಿಬೇಳೆ ಬರುತ್ತೆ" ಎಂದಳು. ಬೇಳೆಯ ಪಕ್ಕದಲ್ಲಿ ಆನೆ ಬಹಳ ಚಿಕ್ಕದಾಗಿ ಕಂಡಿತು.

ಅಷ್ಟರಲ್ಲಿ ತಾರಸಿಯ ಮೇಲೆ ಸಂಡಿಗೆ ಬಿದ್ದಿತ್ತು. ನನ್ನ ಶೀಟಿನಲ್ಲಿ ಈ ಕಾಲಂ ಇರಲೇ ಇಲ್ಲ. ಅರಳು ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಜೊತೆಗೆ ಬಾಳಕದ ಮೆಣಸಿನಕಾಯಿ. ಹಳೆಯ ಪಂಚೆಯ ಮೇಲೆ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದರು. "ಇವೆಲ್ಲ ಗಲಗಲ ಅನ್ನೋವರೆಗೆ ಮನೆ ಬಿಟ್ಟು ಕದಲೋ ಹಾಗಿಲ್ಲ ಕಣೋ" ಎಂದು ಅಮ್ಮ ಅಪ್ಪಣೆ ಕೊಟ್ಟರು. ಹಗಲು ಕಾಗೆ, ಸಂಜೆ ಮೋಡ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ನಮ್ಮ ತಾರಸಿ ಮಾತ್ರ ಆ ಧರಣಿಯ ಲೆಕ್ಕಕ್ಕೆ ಸೇರಿಲ್ಲ. ಒಂದು ವಾರ ನಾನು ಟ್ರೆಕ್ಕಿಂಗ್ ಟೋಪಿ ಹಾಕಿ, ಊರುಗೋಲು ಹಿಡಿದು ಅಲ್ಲಿ ಕಾಗೆ ಓಡಿಸಿದೆ. ಪಕ್ಕದ ಮನೆಯವರು ಇಣುಕಿ, "ಎಲ್ಲಿಗೆ ಸಾರ್ ಟೂರು?" ಎಂದು ಕೇಳಿದರು.

ಕಡೆಗೆ ಉಳಿದದ್ದು ಒಂದೇ ಭಾನುವಾರ, ಒಂದೇ ಊರು: ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಮೈಸೂರು ರಸ್ತೆಯಿಂದ ಒಳಗೆ ತಿರುಗಿದರೆ ಆಯಿತು. ಮೆಟ್ಟಿಲಿಲ್ಲ, ರೆಸಾರ್ಟಿಲ್ಲ, ಬಾಗಿಲು ಹಾಕಲು ಬಾಗಿಲೇ ಇಲ್ಲ. ಮಧ್ಯಾಹ್ನ ಮೂರಕ್ಕೆ ರಂಗನತಿಟ್ಟಿನಲ್ಲಿ ದೋಣಿವಿಹಾರ ಎಂದೂ ಶೀಟಿನಲ್ಲಿ ಹಸಿರು ಬಣ್ಣ ಬಳಿದೆ.

ಊರ ನಡುವಿನ ಹುಣಸೆಮರದಲ್ಲಿ, ಮನೆಯ ಹೆಂಚಿಗೆ ಎರಡು ಮಾರು ಮೇಲೆ, ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದವು. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು. ತಾಯಿ ಹಕ್ಕಿ ಬಾಯಿ ತೆರೆದರೆ ಮರಿ ಕುತ್ತಿಗೆಯವರೆಗೂ ಅದರ ಗಂಟಲಚೀಲಕ್ಕೆ ತಲೆ ತೂರಿಸಿ ಮೀನು ಹೆಕ್ಕುತ್ತಿತ್ತು. ಮೊಬೈಲಿಗೆ ನೆಟ್‌ವರ್ಕ್ ಇಲ್ಲವೆಂದು ಗೊಣಗುತ್ತಿದ್ದ ಮಗ ಅದನ್ನು ನೋಡಿ ಆ ವಿಚಾರವನ್ನೇ ಮರೆತ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗ ಈ ಊರಿನದೇ, ಹಿಕ್ಕೆ ಇವರ ಹೊಲಕ್ಕೆ ಗೊಬ್ಬರ ಎಂದೆಲ್ಲ ನಾನು ಮರದ ಬುಡದಲ್ಲಿ ನಿಂತು ಉಪನ್ಯಾಸ ಶುರುಮಾಡಿದೆ. ಗೊಬ್ಬರ ಎನ್ನುತ್ತಿದ್ದಂತೆ ಅದರ ಒಂದು ದೊಡ್ಡ ಮಾದರಿ ಟೋಪಿಯ ಮೇಲೆ ಪಚಕ್ಕನೆ ಬಿತ್ತು. ಅಗಲದ ಟೋಪಿ ಕೊಂಡದ್ದು ಸಾರ್ಥಕವಾಯಿತು.

ಎದುರು ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಕ್ಕು ಮಜ್ಜಿಗೆ ತರಿಸಿದರು. ಈ ಹಕ್ಕಿಗಳು ತಮಗೆ ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಎಂದರು. ಬಾಣಂತನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮ ಸೆರಗು ಸರಿಮಾಡಿಕೊಂಡು ಜಗಲಿ ಹತ್ತಿದರು. ನಮ್ಮ ಅಕ್ಕನ ಮೊದಲ ಹೆರಿಗೆಯಿಂದ ಶುರುವಾದದ್ದು ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಎರೆಯುವ ನೀರಿನ ಹದ ದಾಟಿ ಎರಡನೆಯ ಹೆರಿಗೆಗೆ ಬರುವಾಗ ಗಂಟೆ ನಾಲ್ಕು. ನಾನು ಕಾರಿನ ಕೀಲಿ ಆಡಿಸಿದೆ. "ಇರೋ, ಇನ್ನೂ ನಾಮಕರಣಕ್ಕೇ ಬಂದಿಲ್ಲ" ಎಂದರು. ಹೆಂಡತಿ ಅಷ್ಟರಲ್ಲಿ ಅಜ್ಜಿಯ ಹತ್ತಿರ ಹೊಸ ಹುಣಸೆಹಣ್ಣಿಗೆ ವ್ಯಾಪಾರ ಕುದುರಿಸಿದ್ದಳು. ರಂಗನತಿಟ್ಟಿನ ದೋಣಿ ಶೀಟಿನಲ್ಲೇ ತೇಲಿತು.

ರಾತ್ರಿ ಮಗ ನನ್ನ ಟೋಪಿಯ ಫೋಟೋವನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಭಾವಮೈದನ ಉತ್ತರ ತಕ್ಷಣ ಬಂತು: "ಭಾವಾ, ಈಗ್ ಹೋದ್ರಾ? ಜುಲೈನಲ್ಲಿ ಹೋಗ್ಬೇಕಿತ್ತು. ಹಕ್ಕಿಗಳೇ ಇರಲ್ಲ, ಟೋಪಿ ಕ್ಲೀನಾಗಿರ್ತಿತ್ತು."