ಸುವರ್ಣತೋರಣ ಮೀಮಾಂಸೆ

ಶಾಸ್ತ್ರಗ್ರಂಥವನ್ನು ರಚಿಸಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸಿಯೇ ಮುಂದಡಿಯಿಡಬೇಕೆಂಬುದು ನಮ್ಮ ಪ್ರಾಚೀನರ ಕಟ್ಟಳೆ. ಅದಕ್ಕೆ ತಲೆಬಾಗಿ ನಿವೇದಿಸುವುದೇನೆಂದರೆ: ಲಕ್ಷಗಟ್ಟಲೆ ರೂಪಾಯಿಗಳನ್ನು ವ್ಯಯಮಾಡಿ, ವೀಸಾ ಕಚೇರಿಯ ಬಾಗಿಲಲ್ಲಿ ಮಾನವನ್ನು ಒತ್ತೆಯಿಟ್ಟು, ಸಮುದ್ರಗಳನ್ನು ದಾಟಿ ಪರದೇಶವನ್ನು ಸೇರಿದ ಮನುಷ್ಯನು, ಆ ದೇಶದ ಪಾಕಶಾಲೆಗಳನ್ನೆಲ್ಲ ಹಿಂದಿಕ್ಕಿ, ಆ ದೇಶಕ್ಕೂ ಸೇರದ ತನ್ನ ದೇಶಕ್ಕೂ ಸೇರದ ಮೂರನೆಯ ದೇಶವೊಂದರ ಅಂಗಡಿಯನ್ನು ಹೊಕ್ಕು ಆಲೂಗೆಡ್ಡೆಯ ಕಡ್ಡಿಗಳನ್ನು ಭಕ್ಷಿಸುವುದೇ ಈ ಗ್ರಂಥದ ವಿಷಯ. ಕಾಲು ನೊಂದವನು, ಹಸಿದವನು, ಅಲ್ಲಿಯ ಭಾಷೆ ಬಾರದವನು ಇದರ ಅಧಿಕಾರಿ. ಈ ಮೂರು ಲಕ್ಷಣಗಳಲ್ಲಿ ಎರಡಾದರೂ ಇಲ್ಲದ ಸುಖಿಗಳು ಪುಸ್ತಕವನ್ನು ಇಲ್ಲಿಯೇ ಮುಚ್ಚಿಡಬಹುದು. ಸಂಬಂಧವು ಹಸಿವಿಗೂ ಅತ್ಯಂತ ಸಮೀಪದ ಬಾಗಿಲಿಗೂ ಇರತಕ್ಕದ್ದು. ಪ್ರಯೋಜನವನ್ನು ಮಾತ್ರ ಕಟ್ಟಕಡೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನಡುವಣ ವಾದವನ್ನು ಯಾರೂ ಓದಲಾರರು.

ಪೂರ್ವಪಕ್ಷವನ್ನು ಅಲ್ಲಗಳೆಯುವ ಮುನ್ನ ಅದರ ಬಲವನ್ನು ಒಪ್ಪಿಕೊಳ್ಳುವುದು ಸೌಜನ್ಯ. ಕೋಶ ಓದು, ದೇಶ ಸುತ್ತು ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದು ರೋಮಾಪುರಿಯಲ್ಲಿ ಕುಳಿತು ಕಾಗದದ ಪೊಟ್ಟಣ ಬಿಚ್ಚಲೆಂದಲ್ಲ ಎಂಬುದು ಈ ಪಕ್ಷದವರ ಮೂಲಸೂತ್ರ. ಇವರ ಆಚಾರ್ಯರು ಇಟಲಿಯ ಕಾರ್ಲೊ ಪೆಟ್ರಿನಿ. 1986ರಲ್ಲಿ ರೋಮಿನ ಸ್ಪೇನ್ ಚೌಕದಲ್ಲಿ, ಜಗದ್ವಿಖ್ಯಾತವಾದ ಆ ಮೆಟ್ಟಿಲುಗಳ ಮಗ್ಗುಲಲ್ಲಿಯೇ, ಮೆಕ್‌ಡೊನಾಲ್ಡ್ಸ್ ಬಾಗಿಲು ತೆರೆದಾಗ ಪ್ರತಿಭಟನಕಾರರು ಬೀದಿಯಲ್ಲಿ ನಿಂತು ಪಾಸ್ತಾ ಹಂಚಿದರು. ಊಟವನ್ನು ಊಟದಿಂದಲೇ ಖಂಡಿಸುವ ಈ ವಾದಕ್ರಮ ನಮ್ಮ ನೈಯಾಯಿಕರಿಗೂ ಹೊಳೆದಿರಲಿಲ್ಲ. ನೆರೆಯಲ್ಲಿದ್ದ ವಸ್ತ್ರವಿನ್ಯಾಸಕ ವ್ಯಾಲೆಂಟಿನೊ ಅವರು ಕರಿದ ಪದಾರ್ಥದ ವಾಸನೆಯನ್ನು ತಾಳಲಾರದೆ ಕಾನೂನಿನ ಮೊರೆಹೊಕ್ಕರು. 1989ರಲ್ಲಿ ಪ್ಯಾರಿಸ್ಸಿನಲ್ಲಿ 15 ದೇಶಗಳ ಪ್ರತಿನಿಧಿಗಳು ಸೇರಿ ನಿಧಾನಭೋಜನದ ಪ್ರಣಾಳಿಕೆಗೆ ಸಹಿ ಹಾಕಿದರು. ಸ್ಲೋ ಫುಡ್ ಎಂಬ ಆ ಸಂಪ್ರದಾಯಕ್ಕೆ ಬಸವನಹುಳುವೇ ಲಾಂಛನ. ಮದುವೆಮನೆಯ ಕೊನೆಯ ಪಂಕ್ತಿಗೆ ಕಾದು ಕುಳಿತ ನಮ್ಮವರಿಗೆ ಈ ನಿಧಾನತತ್ತ್ವವೇನೂ ಹೊಸದಲ್ಲವೆಂಬುದು ಬೇರೆ ಮಾತು. ಫ್ರಾನ್ಸಿನ ರೈತ ಜೋಸೆ ಬೊವೆ 1999ರಲ್ಲಿ ಮಿಯೋ ಎಂಬ ಊರಿನಲ್ಲಿ, ಇನ್ನೂ ಕಟ್ಟಿ ಮುಗಿಯದಿದ್ದ ಇಂಥದೇ ಅಂಗಡಿಯನ್ನು ಸಂಗಡಿಗರೊಡನೆ ಕಳಚಿಹಾಕಿ ಸೆರೆಮನೆಯನ್ನೂ ಕಂಡು ಬಂದರು. ಕನ್ನಡಿಗರು ಈ ವಾದದಲ್ಲಿ ಅವರಿಗಿಂತಲೂ ಹಿರಿಯರು. 1995ರಲ್ಲಿ ಕೆಂಟುಕಿ ಫ್ರೈಡ್ ಚಿಕನ್ ಬೆಂಗಳೂರಿಗೆ ಬಂದಿತು. ಮರುವರ್ಷದ ಜನವರಿಯಲ್ಲಿ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಅದರೊಳಕ್ಕೆ ನುಗ್ಗಿ ತಮ್ಮ ಭಾಷ್ಯವನ್ನು ಮಂಡಿಸಿದರು.

ಇನ್ನು ಸಿದ್ಧಾಂತ. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವಾದುದರಿಂದ ಕಂಡುಂಡದ್ದನ್ನೇ ಮೊದಲು ಹೇಳುತ್ತೇನೆ. ರೋಮಿನಲ್ಲಿ ಮೊದಲ ಎರಡು ದಿನ ನಾನು ಪೂರ್ವಪಕ್ಷದ ಕಟ್ಟಾ ಅನುಯಾಯಿಯಾಗಿ ಆ ಊರಿನ ಭೋಜನಶಾಲೆಗಳಲ್ಲಿಯೇ ಉಂಡೆನು. ಕೇಳದೆ ಬಂದ ರೊಟ್ಟಿಗೂ ಬೆಲೆಯುಂಟು, ಕೇಳಿ ತರಿಸಿದ ನೀರಿಗೂ ಬೆಲೆಯುಂಟು ಎಂಬುದನ್ನು ಮೊದಲ ದಿನ ಕಲಿತೆನು. ಪಾಸ್ತಾದ ಮೇಲೆ ಧಾರಾಳವಾಗಿ ಉದುರಿಸಿಕೊಂಡ ಪಾರ್ಮೆಸಾನ್ ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸುವುದು ಎಳಗರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ ಎಂಬ ಜ್ಞಾನವು ಎರಡನೆಯ ದಿನ, ಅದೂ ಕೈತೊಳೆದ ಮೇಲೆ, ಉದಯಿಸಿತು. ಸಹಧರ್ಮಿಣಿ ಅಂದಿನಿಂದ ಊರಿಂದ ತಂದಿದ್ದ ಅವಲಕ್ಕಿಯನ್ನಲ್ಲದೆ ಮತ್ತೊಂದನ್ನು ಮುಟ್ಟಲಿಲ್ಲ. ಮೂರನೆಯ ದಿನ ಕೊಲೊಸಿಯಮ್ಮಿಗೆ ಪ್ರದಕ್ಷಿಣೆ ಹಾಕಿ, ಮುರಿದ ಕಂಬಗಳನ್ನೆಲ್ಲ ಎಣಿಸಿ, ನಡುಹಗಲಿನಲ್ಲಿ ಸ್ಪೇನ್ ಚೌಕಕ್ಕೆ ಬಂದು ನಿಂತಾಗ ಆಕೆಯೇ ಮೊದಲು ಕಂಡದ್ದು.

“ರೀ, ಅಲ್ಲೊಂದು ಎಮ್ಮು ಕಾಣ್ತಿದೆ ನೋಡಿ.”

“ಎಮ್ಮೆಯೆ? ಇಲ್ಲೆಲ್ಲಿ ಬಂತು?”

“ಎಮ್ಮೆ ಅಲ್ಲಾಂದ್ರೆ, ಎಮ್ಮು! ನಡೀರಿ, ಇನ್ನು ನನ್ನ ಕೈಲಾಗಲ್ಲ.”

ಬೆಂಗಳೂರಿನಲ್ಲಿ ನಿತ್ಯವೂ ಅದರ ಮುಂದೆ ಹಾದುಹೋಗುತ್ತಿದ್ದರೂ ಒಮ್ಮೆಯೂ ಒಳಹೊಕ್ಕವನಲ್ಲ ನಾನು; ಆದರೆ ನಮ್ಮ ಬೀದಿಯಲ್ಲಿ ಎದುರಾದಾಗ ಮೋರೆ ತಿರುಗಿಸುವ ನೆರೆಮನೆಯವನನ್ನು ಕಾಶಿಯ ಘಟ್ಟದಲ್ಲಿ ಕಂಡಾಗ ಓಡಿಹೋಗಿ ಅಪ್ಪಿಕೊಳ್ಳುವುದಿಲ್ಲವೆ, ಹಾಗಾಯಿತು. ಒಳಗೆ ಚಿತ್ರವಿತ್ತು, ಚಿತ್ರದ ಕೆಳಗೆ ಬೆಲೆಯಿತ್ತು, ನನಗೆ ಬೆರಳಿತ್ತು. ವ್ಯಾಕರಣದ ಹಂಗಿಲ್ಲದೆ ಆಹಾರ ಪ್ರಾಪ್ತವಾಯಿತು.

ಇದನ್ನು ಹೇಡಿತನವೆನ್ನುವವರಿಗೆ ಉಪಮಾನ ಪ್ರಮಾಣದಿಂದ ಉತ್ತರ ಹೇಳಬಹುದು. ನಮ್ಮ ಹಿರಿಯರು ಉದ್ಯೋಗವನ್ನರಸಿ ಮುಂಬಯಿಗೆ ಹೋದಾಗ, ಆ ಮಹಾನಗರದ ಪಾವ್ ಉಸಳಗಳನ್ನು ಬಿಟ್ಟು, ಟ್ರಾಮು ಹತ್ತಿ ರೈಲು ಹತ್ತಿ ಹುಡುಕಿಕೊಂಡು ಹೋದದ್ದು ಏನನ್ನು? ಉಡುಪಿ ಎಂಬ ಮೂರು ಅಕ್ಷರಗಳ ಬೋರ್ಡನ್ನು. ಮಾಟುಂಗದಲ್ಲಿ 1942ರಲ್ಲಿ ರಾಮನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆಯ ಮುಂದೆ ಕುಳಿತವನು ಮರಾಠಿ ಪಾಕಶಾಸ್ತ್ರವನ್ನು ಅವಮಾನಿಸಿದನೆಂದು ಇದುವರೆಗೆ ಯಾರೂ ಆಕ್ಷೇಪಿಸಿಲ್ಲ. ಉಡುಪಿಯವರು ಹೋದಲ್ಲೆಲ್ಲ ಒಂದೇ ಸಾರು, ಒಂದೇ ಶುಚಿ, ಒಂದೇ ಗಲ್ಲೆಪೆಟ್ಟಿಗೆ ಎಂಬ ಮತವನ್ನು ಸ್ಥಾಪಿಸಿದರು. ಅಮೆರಿಕದವರು ಅದಕ್ಕೆ ಒಂದು ಕಮಾನು ಕಟ್ಟಿದರು, ಅಷ್ಟೆ.

ಈಗ ಗ್ರಂಥದ ಹೃದಯಭಾಗ. ಈ ತೋರಣದಡಿಯಲ್ಲಿ ದೊರೆಯುವ ವಸ್ತು ಎಲ್ಲೆಡೆಯೂ ಒಂದೆಯೋ, ಬೇರೆಬೇರೆಯೋ? 1948ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಅಡುಗೆಮನೆಯನ್ನು ಕಾರ್ಖಾನೆಯಂತೆ ಜೋಡಿಸಿ, ತಿನಿಸುಗಳ ಪಟ್ಟಿಯನ್ನು ಮೊಟಕುಗೊಳಿಸಿ, ತಟ್ಟೆ ಚಮಚಗಳನ್ನೇ ವಿಸರ್ಜಿಸಿದರಷ್ಟೆ. ಅಲ್ಲಿಂದ ಮೊದಲ್ಗೊಂಡು ಇಲ್ಲಿ ತಿಂದಂತೆಯೇ ಎಲ್ಲೆಲ್ಲಿಯೂ ಎಂಬುದು ಈ ಮತದ ಪ್ರತಿಜ್ಞೆ. ಅದ್ವೈತಿಗಳು ಇದನ್ನು ಅಕ್ಷರಶಃ ಸ್ವೀಕರಿಸುತ್ತಾರೆ. ಭೇದವೆಲ್ಲವೂ ನಾಮಮಾತ್ರವೆಂದು ಅವರ ಮತ: ಪೌಂಡಿನ ತೂಕವಿಲ್ಲದ ಫ್ರಾನ್ಸಿನಲ್ಲಿ ಕಾಲುಪೌಂಡಿನ ಬರ್ಗರು “ರಾಯಲ್” ಎನಿಸಿಕೊಳ್ಳುತ್ತದೆ, ಹೆಸರನ್ನು ಬೇರೊಬ್ಬರು ಮೊದಲೇ ಹಿಡಿದಿದ್ದರಿಂದ ಆಸ್ಟ್ರೇಲಿಯದಲ್ಲಿ ಬರ್ಗರ್ ಕಿಂಗ್ “ಹಂಗ್ರಿ ಜ್ಯಾಕ್ಸ್” ಆಗುತ್ತದೆ. ಮಾಸ್ಕೋದ ಪುಷ್ಕಿನ್ ಚೌಕದಲ್ಲಿ 1990ರ ಜನವರಿ 31ರಂದು ಕೊರೆಯುವ ಚಳಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನ ಸಾಲುಗಟ್ಟಿ ಹೊಕ್ಕ ಅಂಗಡಿಯನ್ನು 2022ರಲ್ಲಿ ಕಂಪೆನಿಯು ಬಿಟ್ಟುಹೋಯಿತು. ಕೆಲವೇ ವಾರಗಳಲ್ಲಿ ಅದೇ ಗೋಡೆಗಳ ನಡುವೆ “ರುಚಿ, ಅಷ್ಟೇ” ಎಂಬರ್ಥದ ಹೆಸರಿನಿಂದ ಅದೇ ಬಗೆಯ ಬರ್ಗರುಗಳು ಪುನರ್ಜನ್ಮ ತಾಳಿದವು. ನಾಮ ಅಳಿಯಿತು, ವಸ್ತು ಉಳಿಯಿತು. ಇಷ್ಟೂ ಸಾಲದೆಂಬವರಿಗೆ ಅವರು ಐಸ್‌ಲೆಂಡನ್ನು ತೋರಿಸುತ್ತಾರೆ. ಅಲ್ಲಿಯ ನಾಣ್ಯ ಕುಸಿದು, ಜರ್ಮನಿಯಿಂದ ಬರಬೇಕಾಗಿದ್ದ ಸಾಮಗ್ರಿಗಳು ದುಬಾರಿಯಾಗಿ, 2009ರಲ್ಲಿ ಆ ದೇಶದ ಮೆಕ್‌ಡೊನಾಲ್ಡ್ಸ್ ಅಂಗಡಿಗಳೆಲ್ಲ ಮುಚ್ಚುವಾಗ ಒಬ್ಬನು ಒಂದು ಬರ್ಗರನ್ನೂ ಒಂದಿಷ್ಟು ಕಡ್ಡಿಗಳನ್ನೂ ಕೊಂಡಿಟ್ಟನು. ವರ್ಷಗಳು ಕಳೆದರೂ ಅವು ಬೂಷ್ಟು ಹಿಡಿಯದೆ, ಗಾಜಿನ ಪೆಟ್ಟಿಗೆಯೊಳಗೆ ಯೋಗಿಗಳಂತೆ ಕುಳಿತು ದರ್ಶನ ಕೊಟ್ಟವು. ತೇವ ಆರಿಹೋದದ್ದೇ ಕಾರಣವೆಂದು ವಿಜ್ಞಾನಿಗಳು ಹೇಳಿದರೂ ಅವಿನಾಶಿತ್ವಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತ ಬೇಕೆ ಎಂದು ಅದ್ವೈತಿಗಳು ಕೇಳುತ್ತಾರೆ.

ಆದರೆ ಸಸ್ಯಾಹಾರಿಯಾದ ಕನ್ನಡಿಗನನ್ನು ಕಾಪಾಡತಕ್ಕದ್ದು ದ್ವೈತವೊಂದೇ ಎಂದು ನಾನು ಸಾಧಿಸುತ್ತೇನೆ. ಲಂಡನ್ನಿನ “ಎಕನಾಮಿಸ್ಟ್” ಪತ್ರಿಕೆಯು 1986ರಿಂದ ಬಿಗ್ ಮ್ಯಾಕ್ ಎಂಬ ಬರ್ಗರಿನ ಬೆಲೆಯನ್ನಿಟ್ಟು ಲೋಕದ ನಾಣ್ಯಗಳನ್ನು ತೂಗುತ್ತ ಬಂದಿದೆ. ವಸ್ತು ಎಲ್ಲೆಡೆಯೂ ಒಂದೇ ಎಂಬುದೇ ಆ ತಕ್ಕಡಿಗೆ ಆಧಾರ. ಭಾರತದ ಸರದಿ ಬಂದಾಗ ಮಾತ್ರ ತಟ್ಟೆಯಲ್ಲಿ ದನದ ಮಾಂಸವನ್ನಿಳಿಸಿ ಕೋಳಿಯ “ಮಹಾರಾಜ”ನನ್ನು ಕುಳ್ಳಿರಿಸಬೇಕಾಗುತ್ತದೆ, ಏಕೆಂದರೆ 1996ರಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಮೊದಲ ಅಂಗಡಿ ತೆರೆದಾಗಲೇ ಗೋಮಾಂಸವನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದರು. ಅದಿರಲಿ, ಆಲೂಗೆಡ್ಡೆಯ ಕಡ್ಡಿಯಾದರೂ ಒಂದೇ ಅಲ್ಲವೆ? ಅಲ್ಲ. ಅಮೆರಿಕದಲ್ಲಿ ಅದನ್ನು ಬಹುಕಾಲ ದನದ ಕೊಬ್ಬಿನಲ್ಲಿ ಕರಿಯುತ್ತಿದ್ದರು. 1990ರಲ್ಲಿ ಸಸ್ಯಜನ್ಯ ಎಣ್ಣೆಗೆ ಬದಲಾಯಿಸಿದೆವೆಂದು ಕಂಪೆನಿ ಸಾರಿದಾಗ ಅಲ್ಲಿಯ ಹಿಂದೂಗಳು ನೆಮ್ಮದಿಯಿಂದ ತಿನ್ನತೊಡಗಿದರು. ಎಣ್ಣೆ ಶುದ್ಧವಾಗಿದ್ದರೂ ಕಡ್ಡಿಗೆ ಗೋಮಾಂಸಜನ್ಯವಾದ ಪರಿಮಳದ್ರವ್ಯವೊಂದು ಸೇರಿಯೇ ಬರುತ್ತದೆಂಬುದು ಆಮೇಲೆ ಬಯಲಾಯಿತು. 2001ರಲ್ಲಿ ಸಿಯಾಟಲ್ಲಿನಲ್ಲಿ ದಾವೆ ಹೂಡಲಾಯಿತು. ಮರುವರ್ಷ ಕಂಪೆನಿಯು ಕ್ಷಮೆ ಬೇಡಿ, ಹಿಂದೂ ಮತ್ತು ಸಸ್ಯಾಹಾರಿ ಸಂಸ್ಥೆಗಳಿಗೂ ಇತರರಿಗೂ 1 ಕೋಟಿ ಡಾಲರುಗಳನ್ನು ಕೊಡಲೊಪ್ಪಿತು. ಅದೇ ಬಣ್ಣ, ಅದೇ ಉದ್ದ, ಅದೇ ಕೆಂಪು ಪೊಟ್ಟಣ. ಆದರೂ ಬ್ರಿಟನ್ನಿನ ಕಡ್ಡಿ ಸಸ್ಯಾಹಾರ, ಭಾರತದ ಕಡ್ಡಿ ಸಸ್ಯಾಹಾರ, ಅಮೆರಿಕದ ಕಡ್ಡಿ ಅಲ್ಲ. ಮಧ್ವಮತದವರು ಜಡಕ್ಕೂ ಜಡಕ್ಕೂ ಭೇದವುಂಟೆಂದು ಪಂಚಭೇದಗಳಲ್ಲಿ ಒಂದನ್ನು ಎಣಿಸಿದಾಗ ಆಲೂಗೆಡ್ಡೆ ನಮ್ಮ ದೇಶಕ್ಕೇ ಬಂದಿರಲಿಲ್ಲ. ಆದರೂ ಅವರ ಎಣಿಕೆ ತಪ್ಪಲಿಲ್ಲ. ಯಾವ ಅಂಗಡಿಯನ್ನು ನಾವು ಏಕತ್ವಕ್ಕಾಗಿ ಹೊಗುತ್ತೇವೆಯೋ ಅದರ ಗಲ್ಲೆಯ ಮುಂದೆ ನಿಂತು “ಈ ದೇಶದಲ್ಲಿ ಇದರೊಳಗೆ ಏನಿದೆ?” ಎಂದು ಪ್ರತಿಸಲವೂ ಹೊಸದಾಗಿ ಕೇಳತಕ್ಕದ್ದು ಎಂಬುದೇ ನನ್ನ ತೀರ್ಪು.

ಹಾಗಾದರೆ ಎಲ್ಲ ದೇಶಗಳಲ್ಲಿಯೂ ಅಭಿನ್ನವಾಗಿ ಉಳಿಯುವುದು ಏನು? ಇಲ್ಲಿಗೆ ನಾನು ಮುಂದೂಡಿದ್ದ ಪ್ರಯೋಜನಕ್ಕೆ ಬಂದೆವು. ನಾವು ಹೋದಾಗ ರೋಮಿನ ದೊಡ್ಡ ರೈಲುನಿಲ್ದಾಣದಲ್ಲಿ ಶೌಚಾಲಯಕ್ಕೆ 1 ಯೂರೋ ತೆರಬೇಕಾಗಿತ್ತು. ಅರಮನೆ, ಇಗರ್ಜಿ, ಅವಶೇಷಗಳ ನಡುವೆ ದಿನವಿಡೀ ಸುತ್ತುವವನಿಗೆ ಆ ಯೂರೋ ತೆತ್ತರೂ ಬಾಗಿಲು ಸಿಕ್ಕುವುದು ದುರ್ಲಭ. ಸಹಧರ್ಮಿಣಿಯು ಎಮ್ಮನ್ನು ಕಂಡು “ನನ್ನ ಕೈಲಾಗಲ್ಲ” ಎಂದದ್ದು ಹಸಿವನ್ನು ಕುರಿತಲ್ಲವೆಂಬುದನ್ನು ನಾನು ಒಳಗೆ ಹೋದ ಮೇಲೆ ತಿಳಿದೆನು. ಸೂಕ್ಷ್ಮಮತಿಗಳಾದ ವಾಚಕರು ಆಗಲೇ ಊಹಿಸಿರಬೇಕು. ಯೂರೋಪಿನ ಹಲವು ನಗರಗಳಲ್ಲಿ ಇಂಥ ಅಂಗಡಿಗಳ ಈ ಗರ್ಭಗುಡಿಗೆ ಅಂಕಿಗಳ ಬೀಗವುಂಟು, ಬೀಗದ ಸಂಖ್ಯೆ ರಸೀತಿಯ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ. ಆದ್ದರಿಂದ ಕಡ್ಡಿಗಳನ್ನು ತಿನ್ನದೆ ಬಿಟ್ಟರೂ ಚಿಂತೆಯಿಲ್ಲ, ರಸೀತಿಯನ್ನು ಮಾತ್ರ ಎಸೆಯಬೇಡಿ.