ಮಾರ್ಜಾಲ ಕರ್ಣನುಸಿಯ ತಾತ್ವಿಕ ನೆಲೆಗಳು: ಒಂದು ಬಹುಮುಖಿ ಅಧ್ಯಯನ

ಪ್ರಸ್ತಾವನೆ

ಮನುಷ್ಯನಿಗೂ ಬೆಕ್ಕಿಗೂ ಇರುವ ನಂಟು ಅನಾದಿ ಕಾಲದ್ದು. ಪ್ರಬಂಧ ಈ ಬಗೆಯ ವಾಕ್ಯದಿಂದಲೇ ಶುರುವಾಗಬೇಕೆಂಬುದು ನಮ್ಮ ವಿದ್ವತ್ ವಲಯದ ಅಲಿಖಿತ ನಿಯಮವಾದ್ದರಿಂದ ಬರೆದು ಮುಗಿಸಿದ್ದೇನೆ. ಇನ್ನು ವಿಷಯಕ್ಕೆ ಬರಬಹುದಿತ್ತು. ಆದರೆ ಅಷ್ಟು ಬೇಗ ವಿಷಯಕ್ಕೆ ಬರುವವರಿಗೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

ಒಂದೇ ಸೂರಿನಡಿ ಹಲವು ಬೆಕ್ಕುಗಳಿರುವ ಮನೆಯನ್ನು ಈ ಅಧ್ಯಯನವು ‘ಬಹುಮಾರ್ಜಾಲೀಯ ಆವರಣ’ ಎಂದು ಗುರುತಿಸುತ್ತದೆ. ಅಲ್ಲಿ ಬೆಕ್ಕೊಂದು ಹಿಂಗಾಲೆತ್ತಿ ಕಿವಿ ಪರಪರ ಕೆರೆದುಕೊಂಡರೆ ಅದನ್ನು ಬರೀ ತುರಿಕೆ ಎಂದುಬಿಡುವುದು ಸರಳೀಕರಣವಾದೀತು. ಕೆರೆತವೊಂದು ಕ್ರಿಯೆ, ಕ್ರಿಯೆಯೊಂದು ಪಠ್ಯ, ಪಠ್ಯವೊಂದು ಅಧಿಕಾರದ ತಾಣ. ಕಿವಿಯೆಂಬ ಅಂಚಿನಲ್ಲಿ ನುಸಿಯೆಂಬ ಅನ್ಯವು ಬೆಕ್ಕೆಂಬ ಅಸ್ಮಿತೆಯೊಡನೆ ನಡೆಸುವ ಮುಖಾಮುಖಿಯ ಸಂಕಥನವೇ ಈ ಅನುಸಂಧಾನದ ಕೇಂದ್ರ ಕಾಳಜಿ. ಈ ವಾಕ್ಯಕ್ಕೆ ಅರ್ಥ ಕೇಳಬಾರದಾಗಿ ವಿನಂತಿ. ಇಂಥವನ್ನು ನಾನು ಒಂದು ವಿಚಾರ ಸಂಕಿರಣದಲ್ಲಿ ಬೆಳಗಿನ ಉಪ್ಪಿಟ್ಟಿನಿಂದ ಸಂಜೆಯ ಪ್ರಮಾಣಪತ್ರದವರೆಗೆ ಕೇಳಿಸಿಕೊಂಡು ಬಂದಿದ್ದೇನೆ. ಅಲ್ಲಿ ಯಾರೂ ಅರ್ಥ ಕೇಳಿರಲಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ

ಜಾನಪದವು ಬೆಕ್ಕಿನ ಕೊರಳನ್ನು ಗಮನಿಸಿದೆ. ಗಂಟೆ ಕಟ್ಟುವವರ್ಯಾರು ಎಂದು ಕೇಳಿದೆ. ಕಣ್ಣನ್ನೂ ಗಮನಿಸಿದೆ, ಮುಚ್ಚಿಕೊಂಡು ಹಾಲು ಕುಡಿದದ್ದನ್ನು ದಾಖಲಿಸಿದೆ. ಕಿವಿಯ ಬಗ್ಗೆ ಮಾತ್ರ ಗಾದೆಗಳು ತುಟಿ ಬಿಚ್ಚುವುದಿಲ್ಲ. ಈ ಮೌನದ ರಾಜಕಾರಣವನ್ನು ಮುಂದಿನ ಸಂಶೋಧಕರು ಬಗೆಯಬೇಕು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದುದಕ್ಕೆ ಬಾಯಿ ಸುಟ್ಟದ್ದೇ ಕಾರಣವೋ, ಕಿವಿಯ ಬಾಧೆಯೂ ಸೇರಿತ್ತೋ ಎಂಬ ಚರ್ಚೆಯನ್ನು ವಿದ್ವಾಂಸರು ಇನ್ನೂ ಕೈಗೆತ್ತಿಕೊಂಡಿಲ್ಲ.

ಇಡೀ ಪರಂಪರೆಯಲ್ಲಿ ವಿಷಯದ ಒಳಹೊಕ್ಕವನೆಂದರೆ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಪೋರ್ಟ್‌ನ ಪಶುವೈದ್ಯ ರಾಬರ್ಟ್ ಲೋಪೆಜ್. ಸರಿಯಾಗಿ ಹೇಳಬೇಕೆಂದರೆ ಅವನು ವಿಷಯವನ್ನೇ ತನ್ನೊಳಗೆ ಬಿಟ್ಟುಕೊಂಡ. ಬೆಕ್ಕಿನ ಕಿವಿಯಿಂದ ನುಸಿಗಳನ್ನು ತೆಗೆದು ತನ್ನ ಕಿವಿಗೆ ಹಾಕಿಕೊಂಡು, ಒಳಗಿನ ಸರಸರ, ಪರಪರ ಸದ್ದನ್ನೂ ಇರುಳಿಡೀ ಕಾಡುವ ತುರಿಕೆಯನ್ನೂ ಅನುಭವಿಸಿದ. ಒಂದು ಸಲ ಸಾಲದೆಂದು ಮತ್ತೂ ಮಾಡಿದ. ಆ ವರದಿ 1993ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. 1994ರಲ್ಲಿ ಕೀಟಶಾಸ್ತ್ರಕ್ಕೆಂದು ಅವನಿಗೆ ಇಗ್ ನೊಬೆಲ್ ಬಂತು. ಜಗತ್ತು ನಕ್ಕಿತು. ನಾನು ನಗಲಾರೆ. ಕ್ಷೇತ್ರಕಾರ್ಯವೆಂದರೆ ಇದು. ನಮ್ಮಲ್ಲಿ ಕ್ಷೇತ್ರಕಾರ್ಯವೆಂದರೆ ಪ್ರಯಾಣಭತ್ಯೆಯ ಬಿಲ್ಲು.

ಅಧ್ಯಯನ ವಸ್ತುವಿನ ಸ್ವರೂಪ ಲಕ್ಷಣ

ನುಸಿಯ ಶಾಸ್ತ್ರೀಯ ನಾಮಧೇಯ ಒಟೊಡೆಕ್ಟಿಸ್ ಸೈನೋಟಿಸ್. ಗಾತ್ರ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದರೂ ಇಡೀ ಮನೆಯ ನಿದ್ದೆಯ ಮೇಲೆ ಅದರ ಯಜಮಾನಿಕೆ ಪ್ರಶ್ನಾತೀತ. ಇದು ಚರ್ಮ ಕೊರೆಯುವುದಿಲ್ಲ. ಕಿವಿಯೊಳಗಿನ ಹೊಟ್ಟನ್ನೂ ಸ್ರಾವವನ್ನೂ ಉಂಡು ಬದುಕುತ್ತದೆ. ಅಂದರೆ ಮೂಲ ಪಠ್ಯಕ್ಕೆ ಕೈ ಹಾಕದೆ ಅದರ ಮೇಲಿನ ಉದುರುಗಳನ್ನೇ ನೆಚ್ಚಿಕೊಂಡ ವಿಮರ್ಶಕ ಪರಂಪರೆಗೆ ಸೇರಿದ್ದು. ಹುಟ್ಟುವಾಗ ಆರು ಕಾಲು; ಬಡ್ತಿ ಸಿಕ್ಕ ಮೇಲೆ ಎಂಟು. ಹೆಣ್ಣಾಗುವುದೋ ಗಂಡಾಗುವುದೋ ಇನ್ನೂ ತೀರ್ಮಾನವಾಗದ ಮರಿಗೆ ಗಂಡು ನುಸಿ ಮುಂಚಿತವಾಗಿಯೇ ಅಂಟಿಕೊಂಡು ಕಾಯುತ್ತದೆ. ಇದರ ಮೇಲೆ ಲಿಂಗತ್ವ ಅಧ್ಯಯನದವರು ಬೇರೆಯೇ ಸಂಪುಟ ತರಬಹುದು. ಮೊಟ್ಟೆ ಒಡೆಯಲು ನಾಲ್ಕು ದಿನ, ಮೊಟ್ಟೆಯಿಂದ ಪ್ರಾಯಕ್ಕೆ ಸುಮಾರು ಮೂರು ವಾರ, ಅಲ್ಲಿಂದ ಮುಂದೆ ಎರಡು ತಿಂಗಳ ಆಯಸ್ಸು. ಇದು ಉಳಿಸಿಹೋಗುವ ಕುರುಹು ಕಾಫಿ ಚರಟದಂಥ ಕಪ್ಪು ಗುಗ್ಗೆ.

ಮಾರ್ಜಾಲಗಳ ವರ್ಗೀಕರಣ

ಕನ್ನಡದಲ್ಲಿ ಏನನ್ನೇ ವಿಂಗಡಿಸಿದರೂ ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂದೇ ವಿಂಗಡಿಸಬೇಕು. ಅದರಂತೆ:

1. ನವೋದಯ ಬೆಕ್ಕು: ಹೆಂಚಿನ ಮೇಲೆ ಎಳೆಬಿಸಿಲಿಗೆ ಮೈಯೊಡ್ಡಿ ಗುಬ್ಬಚ್ಚಿಗಳನ್ನು ವಿಸ್ಮಯದಿಂದ ನೋಡುತ್ತದೆ. ಕಿವಿ ತುರಿಸಿದರೂ ಅದರಲ್ಲೊಂದು ದೈವೀ ಸಂಕೇತ ಕಾಣುತ್ತದೆ.

2. ಪ್ರಗತಿಶೀಲ ಬೆಕ್ಕು: ಪಕ್ಕದ ಮನೆಯ ಬಂಗಡೆಯನ್ನು ಸಮಾನವಾಗಿ ಹಂಚಬೇಕೆಂದು ನಂಬಿದೆ. ಹಂಚಿಕೆ ಇನ್ನೂ ಆರಂಭವಾಗಿಲ್ಲ.

3. ನವ್ಯ ಬೆಕ್ಕು: ಮಂಚದಡಿ ಕೂತು ಗೋಡೆ ನೋಡುತ್ತದೆ. ಅನಾಥಪ್ರಜ್ಞೆ ತೀವ್ರ. ತುರಿಕೆ ಕಿವಿಯಲ್ಲೋ ಅಸ್ತಿತ್ವದಲ್ಲೋ ಎಂದು ತಿಳಿಯದೆ ಎರಡನ್ನೂ ಕೆರೆಯುತ್ತದೆ.

4. ಬಂಡಾಯ ಬೆಕ್ಕು: ಔಷಧಿಯ ಬಾಟಲಿ ಕಂಡರೆ ಮೊಳಕೈತನಕ ಗೀರುತ್ತದೆ.

5. ಬೀದಿಯಿಂದ ತಾನಾಗಿ ಬಂದು ಅಕ್ಕಿ ಚೀಲದ ಹಿಂದೆ ಮಲಗಿದ ಮರಿ: ಇದು ಯಾವ ಪಂಥಕ್ಕೂ ಸೇರದು. ನುಸಿ ತಂದದ್ದು ಬಹುಶಃ ಇದೇ. ಇದನ್ನು ಆಧುನಿಕೋತ್ತರ ಎನ್ನೋಣವೆಂದರೆ...

ಬಿಡಿ. ನಾಲ್ಕು ಪಂಥದ ಬೆಕ್ಕುಗಳೂ ಒಂದರ ಮೇಲೊಂದು ಬಿದ್ದು ಮಲಗುತ್ತವೆ, ಒಂದರ ತಲೆ ಇನ್ನೊಂದು ನೆಕ್ಕುತ್ತದೆ. ನುಸಿ ಪಂಥ ನೋಡುವುದಿಲ್ಲ. ಕಿವಿಯಿಂದ ಕಿವಿಗೆ ನಡೆದು ಹೋಗುತ್ತದೆ. ಹಾಗಾಗಿ ಈ ವರ್ಗೀಕರಣದಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಕೆರೆಯುವ ಬೆಕ್ಕೊಂದಕ್ಕೇ ಮದ್ದು ಹಾಕಿ ಮಿಕ್ಕವನ್ನು ಬಿಟ್ಟರೆ ಮುಂದಿನ ತಿಂಗಳು ಕತೆ ಮತ್ತೆ ಮೊದಲಿನಿಂದ ಎಂಬುದೊಂದೇ ತಿಳಿಯಬೇಕಾದದ್ದು.

ಚಿಕಿತ್ಸಾ ಮೀಮಾಂಸೆ

ನಮ್ಮಲ್ಲಿ ಮೂರು ದರ್ಶನಗಳು ಪ್ರಚಲಿತ. ಮೊದಲನೆಯದು ತೈಲವಾದ: ಕೊಬ್ಬರಿಎಣ್ಣೆ, ಬೇವಿನೆಣ್ಣೆ, ಹರಳೆಣ್ಣೆ, ಕೊನೆಗೆ ಸೀಮೆಎಣ್ಣೆ. ಎರಡನೆಯದು ಶಲಾಕಾವಾದ: ಹತ್ತಿ ಸುತ್ತಿದ ಕಡ್ಡಿಯಿಂದ ಸತ್ಯವನ್ನು ಅಗೆದು ತೆಗೆಯಬಹುದೆಂಬ ನಂಬಿಕೆ. ಬೆಕ್ಕಿನ ಕಿವಿಯ ನಾಳ ನೇರಕ್ಕಿಳಿದು ಆಮೇಲೆ ಅಡ್ಡಕ್ಕೆ ತಿರುಗುತ್ತದೆ. ಕಡ್ಡಿಯು ಗುಗ್ಗೆಯನ್ನು ತೆಗೆಯುವುದಿಲ್ಲ, ಆ ತಿರುವಿನಾಚೆಗೆ ತುರುಕುತ್ತದೆ.

ಮೂರನೆಯದು ಶ್ವಾನಮಾರ್ಜಾಲ ಅದ್ವೈತ. ನಾಯಿಗೂ ಬೆಕ್ಕಿಗೂ ಭೇದವಿಲ್ಲ, ಎರಡಕ್ಕೂ ನಾಲ್ಕು ಕಾಲು, ಒಂದು ಬಾಲ. ಆದ್ದರಿಂದ ನಾಯಿಯ ಉಣ್ಣೆಗೆ ಬಿಡುವ ಮದ್ದನ್ನು ಬೆಕ್ಕಿನ ಬೆನ್ನಿಗೂ ಬಿಡಬಹುದು ಎಂಬುದು ಇದರ ಸಾರ. ಇದರ ಪ್ರತಿಪಾದಕರು ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿರುತ್ತಾರೆ. ‘ನಾಯಿಗೆ ಹಾಕೋದೇ ಸಾರ್, ಅರ್ಧ ಹಾಕಿ, ಏನೂ ಆಗಲ್ಲ’ ಎಂಬುದು ಅವರ ಮಹಾವಾಕ್ಯ.

ಏನಾಗುತ್ತದೆಂದು ಹೇಳುತ್ತೇನೆ. ನಾಯಿಗಳ ಹಲವು ಉಣ್ಣೆಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ; ಬೆಕ್ಕಿನ ಯಕೃತ್ತಿಗೆ ಆ ಕೆಲಸ ಸಲೀಸಲ್ಲ. ಕೆಲವೇ ಗಂಟೆಗಳಲ್ಲಿ ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ತಕ್ಷಣ ವೈದ್ಯರು ಸಿಗದಿದ್ದರೆ ಸಾಯಲೂಬಹುದು. ಅಮಿಟ್ರಾಜ್ ಇರುವ ನಾಯಿಮದ್ದೂ ಅಪಾಯವೇ. ನೆಲ ಒರೆಸುವ ಫಿನಾಯಿಲೂ, ‘ನೈಸರ್ಗಿಕ’ ಎಂದು ಮಾರುವ ಟೀ ಟ್ರೀ ಎಣ್ಣೆಯೂ ಅದಕ್ಕೆ ವಿಷ. ನಮ್ಮ ಬೀದಿಯಲ್ಲಿ ಹೀಗೆ ನಡುಗುತ್ತ ಸತ್ತ ಬೆಕ್ಕಿನ ಬುಡದಲ್ಲಿ ನಾಯಿ ಚಿತ್ರದ ಆ ಪೊಟ್ಟಣ ಬಿದ್ದಿತ್ತು. ಬೆಕ್ಕಿಗೆ ಬಳಸಬಾರದೆಂದು ಅದರ ಮೇಲೆ ಬರೆದಿತ್ತು. ಇಂಗ್ಲಿಷಿನಲ್ಲಿ, ಭೂತಗನ್ನಡಿ ಹಿಡಿದರೂ ಕಾಣದ ಅಕ್ಷರದಲ್ಲಿ. ಮಾರಿದವನು ಓದಿರಲಿಲ್ಲ. ಕೊಂಡ ಅಜ್ಜಿಗೆ ಇಂಗ್ಲಿಷ್ ಬಾರದು, ಕನ್ನಡ ಚೆನ್ನಾಗಿ ಓದುತ್ತಾರೆ.

ಸಂಕಥನದ ಮಾತು ಇಲ್ಲಿಗೆ ಸಾಕು.

ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ಬಿದ್ದಾಗ ಬೇವಿನ ಔಷಧಿಯನ್ನು ಹೇಗೆ ಸಿಂಪಡಿಸಬೇಕು, ಬೇರಿನ ಮೂಲಕ ಹೇಗೆ ಉಣಿಸಬೇಕು ಎಂದು ರೈತರಿಗೆ ಕನ್ನಡದಲ್ಲೇ ಹೇಳಿಕೊಟ್ಟವರಿದ್ದರು. ಸಸ್ಯಶಾಸ್ತ್ರವನ್ನು ನಗುನಗುತ್ತಾ ಹೇಳಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಭಾಷೆ ಇದು. ಇದರಲ್ಲಿ ಹೇಳಲಾಗದ ವಿಜ್ಞಾನವಿಲ್ಲ. ಆದರೂ ‘ನೆಲೆಗಳು’, ‘ಆಯಾಮಗಳು’ ಎಂಬ ಹೆಸರಿನ ಪ್ರಬಂಧಗಳು ಗ್ರಂಥಾಲಯದ ಕಪಾಟುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವಾಗ, ‘ಇದನ್ನು ಬೆಕ್ಕಿಗೆ ಹಾಕಬೇಡಿ’ ಎಂಬ ಮೂರು ಪದಗಳ ಕನ್ನಡ ವಾಕ್ಯವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಲು ನಮ್ಮ ಕೈಲಾಗಿಲ್ಲ. ಇಷ್ಟು ಕಲಿತವರಿರುವ ನಾಡಿನಲ್ಲಿ ಕಲಿಕೆಯೆಲ್ಲ ಎಲ್ಲಿಗೆ ಹೋಯಿತು? ಯಾರೂ ಓದದಿರುವುದನ್ನು ಬರೆದವರಿಗೆ ಬಡ್ತಿ. ಎಲ್ಲರೂ ಓದಬೇಕಾದದ್ದನ್ನು ಬರೆಯುವುದು ಯಾರ ಕೆಲಸವೂ ಅಲ್ಲ.

ಉಪಸಂಹಾರ

ಹೊಸ ಹೊಳಹುಗಳು ಈ ಅಧ್ಯಯನದಲ್ಲಿ ಇಲ್ಲ. ಹಳೆಯ, ಗೊತ್ತಿರಬೇಕಾದ ಸಂಗತಿಗಳಿವೆ. ಕಿವಿಯಲ್ಲಿ ಕಪ್ಪು ಗುಗ್ಗೆ ಕಂಡರೆ ಮೊದಲು ಪಶುವೈದ್ಯರಿಗೆ ತೋರಿಸಿ. ಬೂಷ್ಟು, ಕೀವಿನ ಸೋಂಕು ಕೂಡ ಹಾಗೇ ಕಾಣುತ್ತದೆ. ತಮಟೆ ಹರಿದ ಕಿವಿಗೆ ಕೆಲವು ಹನಿಗಳನ್ನು ಬಿಡಬಾರದು, ಅದನ್ನು ನೋಡಿ ಹೇಳುವವರು ಅವರೇ. ಸೆಲಮೆಕ್ಟಿನ್‌ನಂಥ ಮದ್ದನ್ನು ಬೆಕ್ಕಿನ ತೂಕ, ವಯಸ್ಸು ನೋಡಿ ಕೊಡುತ್ತಾರೆ. ನಾಲಿಗೆ ಎಟುಕದಂತೆ ಕತ್ತಿನ ಹಿಂದೆ ಕೂದಲು ಬಿಡಿಸಿ ಚರ್ಮಕ್ಕೆ ಬಿಡಬೇಕು. ಕಿವಿಗೆ ಹಾಕುವ ಹನಿಯಾದರೆ, ಅವುಗಳಲ್ಲಿ ಹಲವು ಮೊಟ್ಟೆಯನ್ನು ಕೊಲ್ಲುವುದಿಲ್ಲ. ತುರಿಕೆ ನಿಂತಿತೆಂದು ವಾರಕ್ಕೇ ಬಿಟ್ಟರೆ ಮೊಟ್ಟೆಯೊಡೆದವು ಮತ್ತೆ ಶುರುಮಾಡುತ್ತವೆ. ವೈದ್ಯರು ಹೇಳಿದಷ್ಟು ವಾರವೂ ಹಾಕಿ. ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ತಲೆ ಕೊಡವಿ ಕೊಡವಿ ಕಿವಿಯ ಎಲೆ ರಕ್ತ ತುಂಬಿ ಊದುವ ತನಕ ಕಾಯಬೇಡಿ.

ಮನೆಯಲ್ಲಿ ಎಷ್ಟು ಬೆಕ್ಕಿದ್ದರೂ, ನಾಯಿಯೂ ಇದ್ದರೆ ಅದೂ ಸೇರಿ, ಎಲ್ಲಕ್ಕೂ ಒಂದೇ ದಿನ ಚಿಕಿತ್ಸೆ ಶುರುವಾಗಲಿ. ಅವುಗಳಿಗೆ ತಕ್ಕ ಮದ್ದು ಬೇರೆ ಬೇರೆಯಾಗಿರಲಿ. ನಾಯಿ ಚಿತ್ರವಿರುವ ಪೊಟ್ಟಣವನ್ನು ಬೆಕ್ಕಿಗೆಂದು ಯಾರಾದರೂ ಕೊಟ್ಟರೆ ಅಂಗಡಿಯಲ್ಲೇ ವಾಪಸು ಕೊಟ್ಟು ಬನ್ನಿ. ಈ ಪ್ರಬಂಧದಲ್ಲಿ ಮೇಲಿನದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಪಕ್ಕದ ಮನೆಯವರಿಗೂ ಹೇಳಿ.